ಜೆರಾಕ್ಸ್ ಅಂಗಡಿಯಲ್ಲಿ ಕಳೆದುಹೋದ ಎರಡು ಎಕರೆ

ಹಿರಿಯರೊಬ್ಬರು ಗ್ರಾಮ ನಕಾಶೆಯ ಪ್ರತಿ ಹಿಡಿದು ಬಂದರು. ‘ಪಹಣೀಲಿ ನಾಲ್ಕು ಎಕರೆ ಇದೆ ಸಾರ್. ಮಗ ನಕ್ಷೇಲಿ ಅಳೆದ್ರೆ ಎರಡೇ ಬರುತ್ತೆ. ಪಕ್ಕದೋನು ಒತ್ತುವರಿ ಮಾಡಿರಬೇಕು.’

ಪಕ್ಕದವನ ತಪ್ಪೇನೂ ಇರಲಿಲ್ಲ. ಎ3 ಹಾಳೆಯ ನಕ್ಷೆಯನ್ನು ಜೆರಾಕ್ಸ್‌ನವರು ಎ4ಕ್ಕೆ ಇಳಿಸಿಕೊಟ್ಟಿದ್ದರು.

ನಮ್ಮ ಗ್ರಾಮ ನಕಾಶೆಗಳ ಮಾಪಕ ಸಾಮಾನ್ಯವಾಗಿ 1:7920. ಕಾಗದದ ಒಂದು ಇಂಚಿಗೆ ನೆಲದ ಮೇಲೆ 660 ಅಡಿ, ಅಂದರೆ ಸರ್ವೆಯವರ 33 ಅಡಿಯ ಸರಪಳಿ ಇಪ್ಪತ್ತು. 33 ಅಡಿ ಚೌಕಕ್ಕೆ ಒಂದು ಗುಂಟೆ. ಹಾಗಾಗಿ ಒಂದು ಚದರ ಇಂಚಿಗೆ 400 ಗುಂಟೆ, ಸರಿಯಾಗಿ ಹತ್ತು ಎಕರೆ. ಹಳಬರ ಲೆಕ್ಕದ ಈ ಚೆಲುವು ಮೆಟ್ರಿಕ್‌ನಲ್ಲಿಲ್ಲ. ಎ4ಕ್ಕೆ ಇಳಿದಾಗ ಪ್ರತಿ ಗೆರೆಯೂ ಶೇ 71ಕ್ಕೆ ಕುಗ್ಗುತ್ತದೆ. ಉದ್ದ, ಅಗಲ ಎರಡೂ ಕುಗ್ಗಿದ್ದರಿಂದ ವಿಸ್ತೀರ್ಣ ಅರ್ಧವಾಯಿತು. ‘1:7920’ ಎಂಬ ಬರಹ ಮಾತ್ರ ಹಾಗೇ ಇತ್ತು. ನಕ್ಷೆಯಲ್ಲಿ ಗೆರೆ ಮಾಪಕ (ನೆಲದ ದೂರ ಗುರುತಿಸಿದ ಪಟ್ಟಿಯಂಥ ಗೆರೆ) ಇದ್ದರೆ ಅದೂ ಜೊತೆಗೇ ಕುಗ್ಗುತ್ತದೆ, ಆದ್ದರಿಂದ ನಾನು ಅದನ್ನೇ ನಂಬುವುದು.

ಮೂಲ ನಕ್ಷೆ ತಂದರೂ ಅದರಿಂದ ಜಮೀನಿನ ಗಡಿ ತೀರ್ಮಾನಿಸಲಾಗದು. ಅರ್ಧ ಮಿಲಿಮೀಟರಿನ ಪೆನ್ಸಿಲ್ ಗೆರೆ ಆ ಮಾಪಕದಲ್ಲಿ 13 ಅಡಿ ಅಗಲ! ಬದುವಿನ ಜಗಳಕ್ಕೆ ಟಿಪ್ಪಣಿ, ಅಂದರೆ ಸರ್ವೆಯವರು ಆ ಜಮೀನು ಅಳೆದು ಬರೆದಿಟ್ಟ ಮೂಲ ದಾಖಲೆ ನೋಡಬೇಕು, ಗಡಿಗೆ ನೆಟ್ಟ ಬಾಂದು ಕಲ್ಲು ಹುಡುಕಬೇಕು.

ಉತ್ತರ ದಿಕ್ಕಿನ ಬಾಣವನ್ನೂ ಜನ ಅಲಂಕಾರ ಅಂದುಕೊಳ್ಳುತ್ತಾರೆ. ದಿಕ್ಸೂಚಿ ತೋರಿಸುವ ಉತ್ತರವೂ ನಿಜವಾದ ಉತ್ತರವೂ ಒಂದೇ ಅಲ್ಲ. ನಮ್ಮ ಕಡೆ ಅಂತರ ಎರಡು ಡಿಗ್ರಿಯೊಳಗೇ ಇದೆ, ಸರಿ. ಆದರೆ ಒಂದೇ ಡಿಗ್ರಿ ತಪ್ಪಿದರೂ ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ 17 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ.

ಸಂಕೇತಗಳ ಪಟ್ಟಿ ಸುಲಭ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆಗಳಲ್ಲಿ ನೀರು ನೀಲಿ, ಕಾಡು ಹಸಿರು, ಬೇಸಾಯದ ನೆಲ ಹಳದಿ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ಕಂದು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು.

ಯಾರೂ ನೋಡದ ಇನ್ನೊಂದು ಮೂಲೆ ಇದೆ: ಸರ್ವೆ ಆದ ಇಸವಿ. ಬೆಂಗಳೂರಿನ ಹಳೆಯ ನಕ್ಷೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇರುತ್ತದೆ. ನಕ್ಷೆ ತಪ್ಪಲ್ಲ, ಅದು ಬರೆದ ದಿನದ ಊರು ಹಾಗಿತ್ತು.

ಹಿರಿಯರಿಗೆ ಚೀಟಿಯಲ್ಲಿ ಬರೆದುಕೊಟ್ಟೆ: ‘ನೂರಕ್ಕೆ ನೂರು ಅಳತೆಯ ಪ್ರತಿ. ಜೊತೆಗೆ ಟಿಪ್ಪಣಿ.’ ಪಕ್ಕದವನ ಮೇಲೆ ಅರ್ಜಿ ಆಗಲೇ ಕೊಟ್ಟಾಗಿತ್ತಂತೆ.