ಪದ ಪರಿಚಯ: ಡಿಸ್ಲೆಕ್ಸಿಯಾ

ಎರಡನೇ ತರಗತಿಯ ಒಬ್ಬ ಹುಡುಗನ ಉಕ್ತಲೇಖನದ ಪುಸ್ತಕ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ‘ಹಾಲು’ ಅಂದೆ. ಅವನು ‘ಹಲು’ ಎಂದು ಬರೆದ. ಎರಡು ಪದ ಆದ ಮೇಲೆ ‘ಹಲ್ಲು’ ಅಂದೆ. ಅದಕ್ಕೂ ‘ಹಲು’ ಎಂದೇ ಬರೆದ. ಮಾತಾಡುವಾಗ ಅವನು ಈ ಎರಡನ್ನು ಒಂದು ದಿನವೂ ಬೆರೆಸಿದವನಲ್ಲ. ಕುಡಿಯುವುದು ಯಾವುದು, ಉಜ್ಜುವುದು ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತು. ಕಾಗದಕ್ಕೆ ಇಳಿಯುವಾಗ ಮಾತ್ರ ಎರಡೂ ಒಂದೇ ಆಗಿಬಿಡುತ್ತಿದ್ದವು.

‘ಹಾಲು’ ಹತ್ತು ಸಲ ಬರೆದುಕೊಂಡು ಬಾ ಅಂದೆ. ಬೋರ್ಡು ನೋಡಿಕೊಂಡು ಹತ್ತು ಸಲವೂ ಸರಿಯಾಗಿ ಬರೆದ. ಮರುದಿನ ಕೇಳಿದರೆ ಮತ್ತೆ ‘ಹಲು’. ಇದು ಅಸಡ್ಡೆ ಎಂದುಕೊಂಡು ಗದರಿದೆ. ಅದು ಅಸಡ್ಡೆ ಆಗಿರಲಿಲ್ಲ. ಇವತ್ತಿಗೂ ಆ ಗದರಿಕೆ ನೆನೆದರೆ ಸಂಕಟವಾಗುತ್ತದೆ.

ಒಂದು ಉಕ್ತಲೇಖನ ನೋಡಿ ಯಾವ ಮಗುವಿಗೂ ಹಣೆಪಟ್ಟಿ ಹಚ್ಚಬಾರದು. ಆದರೆ ಇಂಥ ತಪ್ಪು ತಿಂಗಳುಗಟ್ಟಲೆ ಹಾಗೇ ಉಳಿದರೆ ತಿಳಿದುಕೊಳ್ಳಬೇಕಾದ ಪದ ಡಿಸ್ಲೆಕ್ಸಿಯಾ. ಗ್ರೀಕ್ ಭಾಷೆಯಲ್ಲಿ ‘ಡಿಸ್’ ಎಂದರೆ ಕಷ್ಟ, ತೊಡಕು. ‘ಲೆಕ್ಸಿಸ್’ ಎಂದರೆ ಮಾತು, ಪದ. ನಮ್ಮ ಮಾತಿನಲ್ಲಿ ಓದುತೊಡಕು ಅನ್ನಬಹುದು. ಬುದ್ಧಿಗೆ ಕೊರತೆ ಇಲ್ಲದೆಯೂ, ಉಳಿದ ಮಕ್ಕಳ ಹಾಗೇ ಪಾಠ ಕೇಳಿಯೂ, ಪದಗಳನ್ನು ತಪ್ಪಿಲ್ಲದೆ ಸರಾಗವಾಗಿ ಓದಲು, ಬರೆಯಲು ಬಿಡದೆ ಕಾಡುವ ಕಷ್ಟ ಇದು.

ಈ ಪದವನ್ನು ಹುಟ್ಟಿಸಿದವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1887ರಲ್ಲಿ ಅವರು ಬರೆದದ್ದು ಮಕ್ಕಳ ಬಗ್ಗೆ ಅಲ್ಲ. ಮಿದುಳಿಗೆ ಪೆಟ್ಟಾಗಿ ಇದ್ದ ಓದನ್ನು ಕಳೆದುಕೊಂಡ ದೊಡ್ಡವರ ಬಗ್ಗೆ. ಅದಕ್ಕೂ ಹತ್ತು ವರ್ಷ ಮುಂಚೆ ಜರ್ಮನಿಯದೇ ವೈದ್ಯ ಅಡಾಲ್ಫ್ ಕುಸ್‌ಮೌಲ್ ಇಂಥದ್ದನ್ನು ಪದಗುರುಡು ಎಂದು ಕರೆದಿದ್ದರು, ನಾವು ಬಣ್ಣಗುರುಡು ಅನ್ನುವುದಿಲ್ಲವೇ, ಹಾಗೆ. ಮಕ್ಕಳ ವಿಷಯ ಬಂದದ್ದು 1896ರಲ್ಲಿ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಜಾಣ, ಆಟದಲ್ಲಿ ಚುರುಕು. 749ನ್ನು 867ರಿಂದ ಬೇಗ ಗುಣಿಸಿ ಸರಿಯಾದ ಉತ್ತರ ಕೊಟ್ಟ. ಆದರೆ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದ, ಮತ್ತೆ ಮತ್ತೆ ತೋರಿಸುವವರೆಗೂ ತಪ್ಪು ಅವನ ಗಮನಕ್ಕೇ ಬರಲಿಲ್ಲ. ಪಾಠವೆಲ್ಲ ಬಾಯಿಮಾತಲ್ಲೇ ನಡೆಯುವುದಾದರೆ ಶಾಲೆಗೇ ಇವನು ಮೊದಲಿಗ ಆಗುತ್ತಾನೆ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನೂರಿಪ್ಪತ್ತೈದು ವರ್ಷ ದಾಟಿದೆ. ಆ ಮಾತನ್ನು ಇವತ್ತಿಗೂ ಎಷ್ಟೋ ಮಕ್ಕಳ ಬಗ್ಗೆ ಹಾಗೇ ಹೇಳಬಹುದು.

ಶುರುವಿನಲ್ಲಿ ಇದರ ಬೆನ್ನು ಹತ್ತಿದವರಲ್ಲಿ ಹಲವರು ಕಣ್ಣಿನ ವೈದ್ಯರು. ಹಾಗಾಗಿ ತಪ್ಪು ಕಣ್ಣಿನದೇ ಎಂಬ ನಂಬಿಕೆ ಬೇರು ಬಿಟ್ಟಿತು. 1970ರ ದಶಕದಿಂದ ಈಚೆಗೆ ನೋಟ ಮಾತಿನ ಕಡೆ ತಿರುಗಿತು. ತೊಡಕಿನ ಮೂಲ ಹೆಚ್ಚಿನ ಮಕ್ಕಳಲ್ಲಿ ಅಕ್ಷರ ಕಾಣುವುದರಲ್ಲಿ ಅಲ್ಲ, ಪದದೊಳಗಿನ ಸದ್ದುಗಳನ್ನು ಬಿಡಿಸಿಕೊಳ್ಳುವುದರಲ್ಲಿ ಇದೆ. ಹೀಗೆ ಬಿಡಿಸಿಕೊಳ್ಳುವ ಶಕ್ತಿಗೆ ಧ್ವನಿ ಅರಿವು ಎಂದು ಹೆಸರು.

‘ಹಾಲು’, ‘ಹಲ್ಲು’ ಎರಡನ್ನೂ ಒಮ್ಮೆ ನಿಧಾನವಾಗಿ ಹೇಳಿ ನೋಡಿ. ‘ಹಾಲು’ ಅನ್ನುವಾಗ ದನಿ ‘ಆ’ ಮೇಲೆ ಎಳೆಯುತ್ತದೆ. ‘ಹಲ್ಲು’ ಅನ್ನುವಾಗ ನಾಲಿಗೆ ‘ಲ್’ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಮಾತು ಅರ್ಥವಾಗಲು ಇದನ್ನೆಲ್ಲ ಗಮನಿಸಬೇಕಾಗಿಲ್ಲ, ತಾನಾಗಿ ಆಗುತ್ತದೆ. ಬರೆಯಬೇಕಾದರೆ ಗಮನಿಸಲೇಬೇಕು. ಎಳೆತಕ್ಕೆ ಒಂದು ಗುರುತು, ನಿಂತದ್ದಕ್ಕೆ ಇನ್ನೊಂದು ಗುರುತು. ನನ್ನ ಹುಡುಗ ಆ ಗುರುತುಗಳನ್ನು ಮರೆತಿರಲಿಲ್ಲ. ಪದದೊಳಗೆ ಅವು ಎಲ್ಲಿ ಬರುತ್ತವೆ ಎಂದು ಹಿಡಿಯುವುದೇ ಅವನಿಗೆ ಆಗುತ್ತಿರಲಿಲ್ಲ. ಹತ್ತು ಸಲ ನೋಡಿ ಬರೆದರೆ ಕೈಗೆ ಅಭ್ಯಾಸ ಆಗುತ್ತದೆ, ಈ ಹಿಡಿತ ಬರುವುದಿಲ್ಲ.

ಮಾತನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ಸುತ್ತ ಮಾತಾಡುವವರಿದ್ದರೆ ಮಗು ಕಲಿತುಬಿಡುತ್ತದೆ. ಓದು ಹಾಗಲ್ಲ. ಬರಹ ಬಂದು ಸುಮಾರು 5,000 ವರ್ಷ ಆಗಿದೆ ಅಷ್ಟೆ. ಓದುವುದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗ ಇಲ್ಲ. ವಸ್ತುಗಳನ್ನು, ಮುಖಗಳನ್ನು ಗುರುತಿಸುವ ಜಾಗದ ಒಂದು ಪಾಲನ್ನೇ ಅಕ್ಷರಕ್ಕೆ ಒಗ್ಗಿಸಿಕೊಳ್ಳಬೇಕು ಎಂದು ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ಡಿಹೇನ್ ವಿವರಿಸುತ್ತಾರೆ.

ಅಕ್ಷರ ತಿರುವುಮುರುವಾಗಿ ಬರೆಯುವುದೇ ಡಿಸ್ಲೆಕ್ಸಿಯಾ ಎಂದು ಹಲವರು ನಂಬಿದ್ದಾರೆ, ಅಲ್ವಾ? ಅದಕ್ಕೂ ಉತ್ತರ ಇಲ್ಲೇ ಇದೆ. ಬಟ್ಟಲಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಬಟ್ಟಲೇ. ಮಗುವಿನ ಮಿದುಳು ಹುಟ್ಟಿದಾಗಿನಿಂದ ಕಲಿತದ್ದು ಇದನ್ನೇ. ಅಕ್ಷರಕ್ಕೆ ಮಾತ್ರ ಈ ನಿಯಮ ನಡೆಯುವುದಿಲ್ಲ. ಇಂಗ್ಲಿಷಿನ ‘ಬಿ’ ಹೊರಳಿದರೆ ‘ಡಿ’ ಆಗುತ್ತದೆ. ಹಾಗಾಗಿ ಆರೇಳು ವರ್ಷದ ಮಗು ಒಂದಷ್ಟು ಅಕ್ಷರ ಹೊರಳಿಸಿ ಬರೆದರೆ ಗಾಬರಿ ಬೇಡ. ಬಹಳಷ್ಟು ಮಕ್ಕಳು ಹೀಗೇ ಬರೆದು ಆಮೇಲೆ ಸರಿ ಮಾಡಿಕೊಳ್ಳುತ್ತಾರೆ.

ಬುದ್ಧಿಗೂ ಇದಕ್ಕೂ ನಂಟಿಲ್ಲ. ತುಂಬಾ ಜಾಣ ಮಕ್ಕಳಲ್ಲೂ ಇರುತ್ತದೆ, ಸಾಧಾರಣ ಮಕ್ಕಳಲ್ಲೂ ಇರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಇರಬಹುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ, ಏಕೆಂದರೆ ಇದು ಇದೆ, ಇಲ್ಲ ಎಂದು ಎರಡೇ ಮಾತಲ್ಲಿ ಹೇಳುವಂಥದ್ದಲ್ಲ. ಕೆಲವರಿಗೆ ಸ್ವಲ್ಪ, ಕೆಲವರಿಗೆ ತುಂಬಾ.

ಲಿಪಿ ಬದಲಾದರೆ ತೊಡಕಿನ ಮುಖವೂ ಬದಲಾಗುತ್ತದೆ. ಬರೆದ ಹಾಗೇ ಓದುವ ಇಟಾಲಿಯನ್ ಭಾಷೆಯಲ್ಲಿ ಇಂಥವರ ಓದಿನಲ್ಲಿ ತಪ್ಪು ಕಡಿಮೆ, ಆದರೆ ಓದು ನಿಧಾನ. ಬರಹ ಒಂದು, ಉಚ್ಚಾರ ಇನ್ನೊಂದು ಆಗಿರುವ ಇಂಗ್ಲಿಷಿನಲ್ಲಿ ತಪ್ಪುಗಳೂ ಜಾಸ್ತಿ. ಆದರೂ 2001ರಲ್ಲಿ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುವವರ ಮಿದುಳನ್ನು ಹೋಲಿಸಿ ನೋಡಿದಾಗ, ಮೂರೂ ಕಡೆಯ ಡಿಸ್ಲೆಕ್ಸಿಯಾ ಇರುವವರಲ್ಲಿ ಒಂದೇ ಜಾಗದಲ್ಲಿ ಚಟುವಟಿಕೆ ಕಡಿಮೆ ಇದ್ದದ್ದು ಕಂಡಿತು.

ಕನ್ನಡದ್ದು ಬೇರೆಯೇ ದಾರಿ. ಬರಹ ಮಾತಿಗೆ ಹತ್ತಿರ ಇದೆ, ಅದು ಮಗುವಿಗೆ ಅನುಕೂಲ. ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ‘ಕು’ ಬರೆಯುವಾಗ ಕೊಂಬು ಪಕ್ಕಕ್ಕೆ, ‘ಪು’ ಬರೆಯುವಾಗ ಕೆಳಕ್ಕೆ. ‘ಸೂರ್ಯ’ ನೋಡಿ. ಕಿವಿಗೆ ‘ರ್’ ಮೊದಲು, ‘ಯ’ ಆಮೇಲೆ. ಅರ್ಕಾವೊತ್ತು ಬರೆಯುವುದು ಮಾತ್ರ ‘ಯ’ ಆದ ಮೇಲೆ. ಮೊದಲು ಕೇಳಿದ್ದನ್ನು ಆಮೇಲೆ ಬರೆಯಬೇಕು. ದೊಡ್ಡವರಾದ ನಮಗೆ ಇದು ಕಾಣುವುದೇ ಇಲ್ಲ. ಪದ ಬಿಡಿಸುವುದೇ ಕಷ್ಟವಾದ ಮಗು ಇಲ್ಲಿ ಎಡವಿ ನಿಲ್ಲುತ್ತದೆ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಕ್ಕೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚುವುದು ಕಂಡಿದೆ. ಹಾಗಾಗಿ ಒಂದನೇ ತರಗತಿಯ ಮಗುವಿಗೆ ಒತ್ತಕ್ಷರ ಬರುತ್ತಿಲ್ಲ ಎಂದ ಮಾತ್ರಕ್ಕೆ ಹೆದರಬೇಕಿಲ್ಲ.

ಹಾಗಾದರೆ ಯಾವಾಗ ಗಮನ ಕೊಡಬೇಕು? ಮಗು ಜೋರಾಗಿ ಓದುವಾಗ ಪಕ್ಕದಲ್ಲಿ ಕೂತು ಕೇಳಿ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದೆಯೇ? ‘ಮರದ’ ಇದ್ದಲ್ಲಿ ‘ಮನೆ’ ಅನ್ನುತ್ತದೆಯೇ? ಮೊದಲ ಸಾಲಿನಲ್ಲಿ ತಿಣುಕಿ ಓದಿದ ಪದ ನಾಲ್ಕನೇ ಸಾಲಿನಲ್ಲಿ ಬಂದಾಗ ಹೊಸದೆನ್ನುವ ಹಾಗೆ ನೋಡುತ್ತದೆಯೇ? ಇದೇ ಕಥೆಯನ್ನು ನೀವು ಓದಿ ಹೇಳಿದರೆ ಅದೇ ಮಗು ಪ್ರಶ್ನೆಗಳಿಗೆ ಪಟಪಟ ಉತ್ತರ ಕೊಡುತ್ತದೆಯೇ? ಈ ಕೊನೆಯ ಅಂತರ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುಳಿವು. ಇನ್ನೂ ಚಿಕ್ಕ ಮಕ್ಕಳಾದರೆ ಪ್ರಾಸದ ಪದ ಹೇಳಲು, ವಾರದ ಹೆಸರುಗಳನ್ನು ಸಾಲಾಗಿ ನೆನಪಿಡಲು ತಡಕಾಡಬಹುದು. ಓದುವ ಪಾಳಿ ಬರುವ ಹೊತ್ತಿಗೇ ಹೊಟ್ಟೆನೋವು, ನೀರು ಕುಡಿಯಲು ಹೋಗುವುದು ಇವೂ ಸುಮ್ನೆ ಬರುವುದಿಲ್ಲ.

ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆಲ್ಲ ಡಿಸ್ಲೆಕ್ಸಿಯಾ ಇರುವುದಿಲ್ಲ. ಕಿವಿ ಮಂದ ಇರಬಹುದು, ಕನ್ನಡಕ ಬೇಕಿರಬಹುದು, ಶಾಲೆ ತಪ್ಪಿರಬಹುದು, ಮನೆಮಾತು ಒಂದು ಪಾಠದ ಭಾಷೆ ಇನ್ನೊಂದು ಆಗಿರಬಹುದು. ಮೊದಲು ಕಣ್ಣು, ಕಿವಿ ತೋರಿಸಿ. ಓದು ಸರಿಯಿದ್ದು ಬರವಣಿಗೆಯೇ ಕಷ್ಟವಾದರೆ, ಅಂದರೆ ಅಕ್ಷರ ಮೂಡಿಸುವುದು, ಗೆರೆಯಲ್ಲಿ ನಿಲ್ಲಿಸುವುದು ಕಷ್ಟವಾದರೆ, ಅದಕ್ಕೆ ಡಿಸ್‌ಗ್ರಾಫಿಯಾ ಎಂಬ ಬೇರೆ ಹೆಸರಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ, ಬೇಕಾದ ನೆರವು ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ತೊಡಕು ಉಳಿದಿರಬೇಕು ಅನ್ನುತ್ತದೆ. ನೆರವು ಮೊದಲು, ಹೆಸರು ಆಮೇಲೆ. ದೊಡ್ಡವನಾದರೆ ಸರಿಹೋಗುತ್ತಾನೆ ಎಂದು ಕಾಯುವುದು ಮಾತ್ರ ಬೇಡ. ಕಾದಷ್ಟೂ ಓದು ಕಡಿಮೆಯಾಗುತ್ತದೆ, ಓದು ಕಡಿಮೆಯಾದಷ್ಟೂ ಪದಗಳ ಪರಿಚಯ ಕಡಿಮೆಯಾಗುತ್ತದೆ.

ಇದಕ್ಕೆ ಮಾತ್ರೆ ಇಲ್ಲ. ಬಣ್ಣದ ಗಾಜಿನ ಕನ್ನಡಕವೂ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರು, ಕಣ್ಣಿನ ವೈದ್ಯರು ಸೇರಿ 2009ರಲ್ಲೇ ಅದಕ್ಕೆ ಆಧಾರವಿಲ್ಲ ಎಂದಿದ್ದಾರೆ. ಕೆಲಸಕ್ಕೆ ಬರುವುದು ಸದ್ದನ್ನೂ ಅಕ್ಷರವನ್ನೂ ಜೋಡಿಸಿ, ಸುಲಭದ್ದರಿಂದ ಕಷ್ಟದ್ದಕ್ಕೆ, ಬಿಡದೆ ದಿನಾ ಸ್ವಲ್ಪ ಸ್ವಲ್ಪ ಕಲಿಸುವುದು.

ನನ್ನ ಹುಡುಗನಿಗೆ ನಾವು ಮಾಡಿದ್ದು ಇಷ್ಟು. ಪದವನ್ನು ಜೋರಾಗಿ ಹೇಳುತ್ತಾ ಬೆರಳನ್ನು ಮೇಜಿನ ಮೇಲೆ ಜಾರಿಸಬೇಕು. ದನಿ ಎಳೆದಲ್ಲಿ ಬೆರಳನ್ನೂ ಎಳೆಯಬೇಕು. ನಾಲಿಗೆ ನಿಂತಲ್ಲಿ ಬೆರಳು ಒತ್ತಬೇಕು. ಬೆರಳು ಎಳೆದಲ್ಲಿ ದೀರ್ಘ, ಬೆರಳು ಒತ್ತಿದಲ್ಲಿ ಒತ್ತು. ದಿನಕ್ಕೆ ಹತ್ತು ನಿಮಿಷ, ಐದಾರು ಪದ. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ‘ಕಾಲು’, ‘ಕಲ್ಲು’ ಎರಡೂ ಸರಿ ಬಂದವು.

ಅವನೀಗ ನಾಲ್ಕನೇ ತರಗತಿ. ಓದು ಇನ್ನೂ ನಿಧಾನ. ಪ್ರಶ್ನೆಪತ್ರಿಕೆಯನ್ನು ಯಾರಾದರೂ ಓದಿ ಹೇಳಿದರೆ ಚೆನ್ನಾಗಿ ಬರೆಯುತ್ತಾನೆ, ಹೆಚ್ಚು ಸಮಯ ಬೇಕು, ಕೊಡುತ್ತೇವೆ. ಉಕ್ತಲೇಖನದ ಹೊತ್ತಿನಲ್ಲಿ ಅವನ ಎಡಗೈ ನೋಡಿದರೆ, ತೋರುಬೆರಳು ಮೆಲ್ಲಗೆ ಮೇಜಿನ ಮೇಲೆ ಜಾರಿ, ಒಂದು ಕಡೆ ಒತ್ತಿ ನಿಲ್ಲುತ್ತದೆ.