ತಲೆನೋವಿಗೆ ಮುಂಚಿನ ಅರ್ಧ ಗಂಟೆ

"ಮೇಡಂ, ಲಕ್ಷಣ ಎಲ್ಲಾ ಬರದೀನಲ್ರಿ, ಕೋಡ್ ನೀವೇ ನೋಡಿ ಹಾಕ್ರಿ."

ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೂತು ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಕಿರಿಯ ವೈದ್ಯರು, ಒಳ್ಳೆಯ ಹುಡುಗರು. ಎರಡು ರಾತ್ರಿ ನಿದ್ದೆಗೆಟ್ಟು ಡ್ಯೂಟಿ ಮಾಡಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ 'ತಲೆನೋವು, ವಾಂತಿ, ಕಣ್ಣು ಮಂಜು; ಮೈಗ್ರೇನ್' ಎಂದು ಒಂದು ಸಾಲು ಬರೆದಿರುತ್ತಾರೆ. ಐಸಿಡಿ-10 ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಕಾಯಿಲೆಗೂ ಒಂದು ಕೋಡ್ ಇದೆ, ದಾಖಲೆ ಓದಿ ಅದನ್ನು ಹಾಕುವುದು ನನ್ನ ಕೆಲಸ. ಆ ಸಾಲಿಗೆ ನಾನು ಹಾಕಬಹುದಾದ ಕೋಡ್ ಜಿ 43.9. ಅಂದರೆ, ಯಾವ ಬಗೆಯ ಮೈಗ್ರೇನ್ ಎಂದು ವೈದ್ಯರು ಹೇಳಿಲ್ಲ. ಔರಾ ಎಂದರೆ ಸಾಮಾನ್ಯವಾಗಿ ನೋವಿಗೆ ಮುಂಚೆ ಕಣ್ಣ ಮುಂದೆ ಹೊಳಪು, ಕೈ ಜೋಮು ಇಂಥವು ಕೆಲಹೊತ್ತು ಬಂದು ಹೋಗುವುದು. ಅದು ಇಲ್ಲದ್ದಾದರೆ ಜಿ 43.0, ಇರುವಂಥದ್ದಾದರೆ ಜಿ 43.1. ಬರೀ ತಲೆನೋವಾದರೆ ಆರ್ 51. 'ಕಣ್ಣು ಮಂಜು' ಓದಿ, ಇದು ಔರಾನೇ ಇರಬೇಕು ಎಂದು ನಾನು 1 ಹಾಕಿದರೆ ರೋಗನಿರ್ಣಯ ಮಾಡಿದವಳು ನಾನಾಗುತ್ತೇನೆ. ಅದು ನನ್ನ ಕೆಲಸವಲ್ಲ. 'ಔರಾ ಅಂತ ಹಾಕಲೇ ಸರ್?' ಎಂದು ಕೇಳುವುದೂ ತಪ್ಪು, ಉತ್ತರವನ್ನು ನಾನೇ ಅವರ ಬಾಯಿಗೆ ಇಟ್ಟಂತಾಗುತ್ತದೆ. 'ನೋವಿಗೆ ಮುಂಚೆ ಏನಾಯಿತು ಎಂಬುದು ದಾಖಲಾಗಿಲ್ಲ, ಸ್ಪಷ್ಟಪಡಿಸಿ' ಎಂದಷ್ಟೇ ಕೇಳಬಲ್ಲೆ.

2015ರ ಅಕ್ಟೋಬರ್‌ನಲ್ಲಿ ಅಮೆರಿಕ ಐಸಿಡಿ-10ಕ್ಕೆ ಬದಲಾದಾಗ ನಾನು ಹೈದರಾಬಾದಿನಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟುಗಳಿಗೆ ಕೋಡ್ ಹಾಕುತ್ತಿದ್ದೆ. ಅವರದು ಜಿ 43.109 ಎಂಬಷ್ಟು ಉದ್ದ. ಔಷಧಕ್ಕೆ ಬಗ್ಗುತ್ತದೋ ಇಲ್ಲವೋ, 72 ಗಂಟೆ ಮೀರಿತೋ ಇಲ್ಲವೋ, ಅದೆಲ್ಲ ಆ ಅಂಕಿಗಳಲ್ಲೇ ಬರಬೇಕು. ನಮ್ಮಲ್ಲಿ ಅಷ್ಟು ಬೇಡ, ಬಿಂದುವಿನ ನಂತರದ ಒಂದು ಅಂಕಿ ಸಾಕು. ಆ ಒಂದಕ್ಕೇ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ.

ಹೋದ ಬೇಸಿಗೆಯಲ್ಲಿ ಸಿಂಧನೂರು ಕಡೆಯ ಹೆಣ್ಣುಮಗಳೊಬ್ಬಳು ಗಂಡನ ಜತೆ ಬಂದಿದ್ದಳು. ಮೂವತ್ತರ ಆಸುಪಾಸು. ಹಿಂದೆ ಬೇರೊಂದು ಆಸ್ಪತ್ರೆಯವರು ಕೊಟ್ಟ ಸಮ್ಮರಿಯಲ್ಲಿ 'ದೃಷ್ಟಿ ಮಂದ, ಬಲಗೈ ಜೋಮು, ಟಿಐಎ' ಎಂದು ಟೈಪಾಗಿತ್ತು. ಟಿಐಎ ಎಂದರೆ ಮೆದುಳಿಗೆ ಕೆಲಹೊತ್ತು ರಕ್ತ ತಡೆದು ಹೋಗುವುದು, ಕೋಡ್ ಜಿ 45.9. ಈಗ ವಿಮೆಯವರು ಅದನ್ನೇ ಹಿಡಿದು ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ ಎನ್ನುತ್ತಿದ್ದರು. ಕಾಗದ ಜೋಡಿಸುತ್ತಾ, "ಅವತ್ತು ಏನಾಗಿತ್ತವ್ವಾ?" ಎಂದೆ.

"ಮೊದಲಿಗಿ ಕಣ್ಣ ಮುಂದ ಸಣ್ಣ ಚುಕ್ಕಿ ಹೊಳೀತೈತ್ರಿ ಅಕ್ಕಾರ. ಆಮ್ಯಾಲ ಅದು ಗರಗಸದ ಹಲ್ಲಿನಂಗ ಆಗಿ ಒಂದ್ ಕಡಿ ಸರ್ಕೋಂತ ದೊಡ್ಡದಾಗ್ತೈತಿ. ರೊಟ್ಟಿ ಬಡ್ಯಾಕ ಕುಂತಿದ್ರ ಅರ್ಧ ರೊಟ್ಟಿ ಕಾಣಂಗಿಲ್ಲ. ನಾಕೈದು ರೊಟ್ಟಿ ಆಗೋದ್ರಾಗ ಬೆರಳು ಜುಮುಜುಮು ಅಂತಾವು, ಅಲ್ಲಿಂದ ತುಟಿಗಿ ಬರ್ತೈತಿ. ಅದೆಲ್ಲಾ ಹ್ವಾದಮ್ಯಾಲ ತಲಿ ಶೂಲಿ. ವರ್ಷದಾಗ ಮೂರ್ನಾಕು ಸಲ ಆಗ್ತೈತ್ರಿ."

ಇಷ್ಟು ಸ್ಪಷ್ಟವಾಗಿ ಹೇಳುವ ಬಾಯಿ ಇದ್ದೂ ದಾಖಲೆಯಲ್ಲಿ 'ದೃಷ್ಟಿ ಮಂದ'! ಅವಳ ಮಾತಿನಲ್ಲಿ ವೈದ್ಯರಿಗೆ ಬೇಕಾದದ್ದೆಲ್ಲ ಇತ್ತು. ಹೊಳಪು ಬಂತು, ನಿಧಾನ ಹರಡಿತು, ಒಂದರ ಹಿಂದೆ ಇನ್ನೊಂದು ಬಂತು, ಪೂರ್ತಿ ಹೋಯಿತು, ಆಮೇಲೆ ನೋವು. ಔರಾದ ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಮೆದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುವ ಅಲೆ ಅದು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ವಿಜ್ಞಾನಿ ತನ್ನ ಕಣ್ಣ ಮುಂದೆ ಸರಿದ ಔರಾವನ್ನೇ ಅಳೆದು ಈ ವೇಗ ಲೆಕ್ಕಹಾಕಿದ. ನಿಧಾನ ಹರಡಿತೋ, ಗಕ್ಕನೆ ಬಂತೋ ಎಂಬುದನ್ನು ಬರೆಯಿರಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ. ಪಾರ್ಶ್ವವಾಯುವಿನ, ಟಿಐಎಯ ಲಕ್ಷಣ ಸಾಮಾನ್ಯವಾಗಿ ಗಕ್ಕನೆ ಬರುತ್ತದೆ.

ಇನ್ನು, ಹಿಂದಿನ ದಿನದ ಆಕಳಿಕೆ, ಸಿಡುಕು, ಕುತ್ತಿಗೆ ಬಿಗಿತ ಔರಾ ಅಲ್ಲ. ನೋವಿನ ಜತೆ ಬೆಳಕು ಸಹಿಸದಿರುವುದೂ ಅಲ್ಲ. ಔರಾ ಇಲ್ಲದ ಮೈಗ್ರೇನಿನಲ್ಲೂ ಅದು ಇರುತ್ತದೆ. 'ಕಣ್ಣು ಮಂಜು' ಎಂಬುದರಲ್ಲಿ ಇವೆಲ್ಲ ಕಲಸಿಹೋಗುತ್ತವೆ.

ನಾನು ವೈದ್ಯೆಯಲ್ಲ. ಕೈ ಜೋಮು ಹಿಡಿದು ಕಣ್ಣು ಕಾಣದಿದ್ದರೆ, ಅದರಲ್ಲೂ ಮೊದಲ ಸಲವಾದರೆ, ಮೈಗ್ರೇನೇ ಇರಬೇಕೆಂದು ಯಾರೂ ಮನೆಯಲ್ಲಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಬರಬೇಕು. ಹಿಂದಿನ ಆಸ್ಪತ್ರೆಯಲ್ಲಿ ಆ ರಾತ್ರಿ ಅವಳನ್ನು ನೋಡಿದ ವೈದ್ಯರು ಟಿಐಎ ಶಂಕಿಸಿದ್ದನ್ನೂ ತಪ್ಪೆನ್ನಲಾರೆ. ನಮ್ಮ ಫಿಜಿಷಿಯನ್ನರಿಗೆ ವಿಷಯ ತಿಳಿಸಿದೆ. ಅವರು ಅವಳನ್ನು ನರರೋಗ ತಜ್ಞರ ಹತ್ತಿರ ಕಳಿಸಿದರು. ತಜ್ಞರು ಪರೀಕ್ಷಿಸಿ, ಒಂದು ರೊಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವಳನ್ನೇ ಕೇಳಿ ನಿಮಿಷದ ಲೆಕ್ಕ ಬರೆದು, 'ಔರಾ ಸಹಿತ ಮೈಗ್ರೇನ್' ಎಂದು ಸಹಿ ಹಾಕಿದರು. ಆಗ ನಾನು 1 ಹಾಕಿದೆ.

ಹಳೆಯ ಔಷಧಿ ಚೀಟಿಯಲ್ಲಿ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಇತ್ತು. ಔರಾ ಇರುವ ಹೆಣ್ಣುಮಕ್ಕಳಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಇಂಥ ಮಾತ್ರೆ 4ನೇ ವರ್ಗ, ಅಂದರೆ ಕೊಡಲೇಬಾರದು. ಜಿ 43.9 ಎಂದಷ್ಟೇ ಇದ್ದಿದ್ದರೆ ಸ್ತ್ರೀರೋಗ ತಜ್ಞೆಗೆ ಇದು ಹೇಗೆ ಗೊತ್ತಾಗಬೇಕು? ಮಾತ್ರೆ ನಿಲ್ಲಿಸಿ ಬೇರೆ ವಿಧಾನ ಸೂಚಿಸಿದರು.

"ಹಳೇದನ್ನ ಅಳಿಸಿಬಿಡಾಕ ಬರಂಗಿಲ್ಲೇನ್ರಿ?" ಎಂದ ಗಂಡ. ಬರುವುದಿಲ್ಲ. ಹಳೆಯ ದಾಖಲೆ ಹಾಗೇ ಇರಬೇಕು, ಹೊಸ ಅಭಿಪ್ರಾಯ ದಿನಾಂಕದೊಂದಿಗೆ ಅದರ ಪಕ್ಕ ಸೇರಬೇಕು. ಆದರೆ ಆ ರಾತ್ರಿಯ ಕೇಸ್ ಶೀಟಿನ ನಕಲು ಕೇಳುವ ಹಕ್ಕು ರೋಗಿಗಿದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿ ಬರೆದುಕೊಟ್ಟೆ. ಎರಡು ವಾರ ಓಡಾಡಿ ನಕಲು ತಂದ. ವೈದ್ಯರು ಕೈಯಲ್ಲಿ ಬರೆದ ಸಾಲಿನಲ್ಲಿ ಟಿಐಎಗೆ ಮುಂಚೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಸಮ್ಮರಿ ಟೈಪ್ ಮಾಡಿದವರು ಅದನ್ನು ಬಿಟ್ಟಿದ್ದರು.