ಮಂಡಿ ಕೆಳಗೊಂದು ಟವೆಲ್ ಸುರುಳಿ

ಮಂಡಿ ಆಪರೇಷನ್ ಆದವರನ್ನು ನೋಡಲು ಹೋದಾಗ ಈ ದೃಶ್ಯ ನೀವೂ ಕಂಡಿರಬಹುದು. ಮಂಚದ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ಮಂಡಿ ಕೆಳಗೆ ಸುತ್ತಿಟ್ಟ ಟವೆಲ್. "ಟವೆಲ್ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ, ಬಿಡಿ" ಅನ್ನುತ್ತಾರೆ ಫಿಸಿಯೋಥೆರಪಿಸ್ಟ್. ಕಾಲು ಅಲುಗುವುದೇ ಇಲ್ಲ. ಇದೆಂಥ ವ್ಯಾಯಾಮ ಅಂತ ಎರಡು ದಿನ ಮಾಡಿ ಬಿಟ್ಟುಬಿಡುವವರನ್ನು ಕಂಡರೆ ನನಗೆ ತುಂಬಾ ಬೇಸರವಾಗುತ್ತದೆ. ಯಾಕಂದರೆ ಆ ದಿನಗಳಲ್ಲಿ ಆ ತೊಡೆಗೆ ಬೇಕಾದದ್ದೇ ಅದು.

ಮಂಡಿಯೊಳಗೆ ನೀರು ತುಂಬಿ ಊದಿಕೊಂಡರೆ, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಮಂಕಾಗುತ್ತದೆ. ಸ್ನಾಯುವಿಗೆ ಪೆಟ್ಟಾಗಿರಬೇಕು ಅಂತೇನಿಲ್ಲ. ಕೀಲಿನ ಚೀಲ ಹಿಗ್ಗಿದ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿಂದ ಸ್ನಾಯುವಿಗೆ ಬರುವ ಆಜ್ಞೆ ಕಡಿಮೆಯಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಮಂಡಿಗಳಿಗೇ ಉಪ್ಪುನೀರು ಚುಚ್ಚಿ ನೋಡಿದರು. ಸ್ನಾಯುವಿನ ಒಳಬದಿಯ ಭಾಗ ಸೋಲಲು 20ರಿಂದ 30 ಮಿಲಿ ಸಾಕಾಯಿತು. ಎರಡು ಮೂರು ಮುಚ್ಚಳ ಕೆಮ್ಮಿನ ಸಿರಪ್, ಅಷ್ಟೇ! ಹೀಗೆ ಮಲಗಿದ ಸ್ನಾಯು ಬೇಗ ಸೊರಗುತ್ತದೆ.

ಮಂಡಿ ಮಡಚಿ ವ್ಯಾಯಾಮ ಮಾಡೋಣ ಅಂದರೆ ನೋವು. ಹಾಗಾದರೆ ಅಲುಗಿಸದೆ ಬಿಗಿ ಮಾಡುವುದೇ ದಾರಿ. ಇದಕ್ಕೆ ಐಸೋಮೆಟ್ರಿಕ್ ವ್ಯಾಯಾಮ ಅಂತ ಹೆಸರು. ಸಮಬಲದ ಎರಡು ತಂಡಗಳ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಹಗ್ಗ ಇದ್ದಲ್ಲೇ ಇರುತ್ತದೆ, ಆದರೆ ಯಾರೂ ಸುಮ್ನೆ ನಿಂತಿರುವುದಿಲ್ಲ ಅಲ್ವಾ? ಸ್ನಾಯುವಿನೊಳಗೂ ಮಯೋಸಿನ್ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಟ್ಟು ಮತ್ತೆ ಹಿಡಿಯುತ್ತವೆ. ಶಕ್ತಿ ಖರ್ಚಾಗುತ್ತದೆ, ಮೈ ಬಿಸಿಯಾಗುತ್ತದೆ.

1953ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನ ಸಂಶೋಧಕರಾದ ಹೆಟ್ಟಿಂಗರ್ ಮತ್ತು ಮ್ಯೂಲರ್, ದಿನಕ್ಕೊಮ್ಮೆ 6 ಸೆಕೆಂಡು ಬಿಗಿ ಹಿಡಿದರೆ ವಾರಕ್ಕೆ ಶೇಕಡಾ 5ರಷ್ಟು ಬಲ ಹೆಚ್ಚುತ್ತದೆ ಎಂದರು. ಆಮೇಲೆ ಪರೀಕ್ಷಿಸಿದವರಿಗೆ ಅಷ್ಟು ಲಾಭ ಸಿಗಲಿಲ್ಲ. ಬಲ ಬರುವುದಂತೂ ನಿಜ. ಇನ್ನೊಂದು ಮಿತಿಯೂ ಇದೆ: ಯಾವ ಕೋನದಲ್ಲಿ ಹಿಡಿದಿರೋ ಆ ಕೋನದ ಆಸುಪಾಸಿನಲ್ಲೇ ಬಲ ಜಾಸ್ತಿ ಬರುತ್ತದೆ. ಮೆಟ್ಟಿಲು ಹತ್ತಬೇಕಾದ ಕಾಲಿಗೆ ಟವೆಲ್ ಒಂದೇ ಸಾಲದು. ಊತ ಇಳಿದಂತೆ ಮಡಚಿ ಚಾಚುವ ವ್ಯಾಯಾಮಗಳಿಗೆ ಹೋಗಲೇಬೇಕು.

ರಕ್ತದೊತ್ತಡದ ವಿಷಯವೂ ಇಲ್ಲಿ ಬರುತ್ತದೆ. 270 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ವಿಶ್ಲೇಷಣೆಯೊಂದರಲ್ಲಿ, ಬಿಪಿ ಇಳಿಸುವುದರಲ್ಲಿ ಈ ಬಗೆಯ ವ್ಯಾಯಾಮವೇ ಮುಂದಿತ್ತು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇದ್ದಂತೆ ಕೂರುವುದು ಅದರಲ್ಲೊಂದು. ಸಾಮಾನ್ಯವಾಗಿ 2 ನಿಮಿಷದಂತೆ 4 ಸಲ, ವಾರಕ್ಕೆ 3 ದಿನ. ಆದರೆ ಬಿಗಿ ಹಿಡಿದ ಹೊತ್ತಿನಲ್ಲಿ ಬಿಪಿ ಏರುತ್ತದೆ, ಉಸಿರು ಕಟ್ಟಿದರೆ ಇನ್ನೂ ಜಾಸ್ತಿ. ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಐದರವರೆಗೆ ಜೋರಾಗಿ ಎಣಿಸಿ ಅನ್ನುವುದು ಇದಕ್ಕೇ. ಎಣಿಸುತ್ತಾ ಉಸಿರು ಕಟ್ಟಲು ಆಗುವುದಿಲ್ಲ.

ಟವೆಲ್ ಒತ್ತುವಾಗ ಮಂಡಿಚಿಪ್ಪಿನ ಮೇಲೆ ಎರಡು ಬೆರಳು ಇಟ್ಟು ನೋಡಿ. ಮೊದಮೊದಲು ಏನೂ ಗೊತ್ತಾಗದೇ ಇರಬಹುದು. ತೊಡೆ ಎಚ್ಚರಗೊಂಡ ದಿನ, ಚಿಪ್ಪು ಬೆರಳಿನಡಿ ಮೆಲ್ಲಗೆ ಮೇಲಕ್ಕೆ ಜಾರುತ್ತದೆ.